ಹಿಮದ ಮೇಲೆ ಪಟ ಹಿಡಿಯುವವರು ಬೇಕಿಲ್ಲ

ವಸಂತಕುಮಾರ ಮೆಂಡನ್ನರ ಸೊಂಟಕ್ಕೆ ನಾನು ಮೂರು ತಿಂಗಳು ಚಿಕಿತ್ಸೆ ಮಾಡಿದ್ದೇನೆ. ಅವರ ಸೊಂಟಕ್ಕೆ ಏನೂ ಆಗಿರಲಿಲ್ಲ ಎಂಬುದು ಆಮೇಲೆ ತಿಳಿದ ಸಂಗತಿ.

೨೦೧೪ರ ಮಳೆಗಾಲ ಮುಗಿದಿತ್ತು. ನಾನು ಡೊಂಬಿವಲಿಯಿಂದಲೇ ಹೊರಡುವ ಬೆಳಗಿನ ಲೋಕಲ್ ಹಿಡಿದು ಠಾಣೆಯ ವಿಮಾ ಕಚೇರಿಗೆ ಹೋಗುತ್ತಿದ್ದೆ. ಅದೇ ಡಬ್ಬಿಯಲ್ಲಿ ಬರುತ್ತಿದ್ದ ಮೆಂಡನ್ನರು ಠಾಣೆಯಲ್ಲಿಳಿದು, ಗಾಡಿ ಬದಲಿಸಿ, ನವಿ ಮುಂಬಯಿಯ ಕಡೆಗೆ ಹೋಗುತ್ತಿದ್ದರು. ನಲವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಶನಿವಾರ ಮಾತ್ರ ಅವರ ಚೀಲದ ಹೊರಗೆ ಅಗಲವಾದ, ಗಡುಸಾದ ಕರಿಯ ಪಟ್ಟಿಯೊಂದು ನೇತಾಡುತ್ತಿತ್ತು. ಬೆನ್ನೆಲುಬು ಜಾರಿದವರಿಗೆ ಡಾಕ್ಟರರು ಕಟ್ಟಿಸುವ ಪಟ್ಟಿಯ ಹಾಗೆಯೇ ಇತ್ತು. ನನಗೂ ಆ ಕಾಯಿಲೆ ಬಂದು ಹೋಗಿತ್ತು. ಒಂದು ಕಾಯಿಲೆ ಬಂದು ವಾಸಿಯಾದವನು ಊರಿಗೆಲ್ಲ ಡಾಕ್ಟರನಾಗುತ್ತಾನೆ. ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ಕುಂಡೆ ಊರಿದ್ದ ಅವರನ್ನು ಎಬ್ಬಿಸಿ ನನ್ನ ಕಿಟಕಿಯ ಜಾಗದಲ್ಲಿ ಕೂರಿಸಿದೆ. ಬಗ್ಗಬೇಡಿ, ಬಕೆಟ್ ಎತ್ತಬೇಡಿ, ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ ಎಂದು ದಿವಾ ದಾಟುವ ತನಕ ಉಪದೇಶ ಮಾಡಿದೆ. ಮುಂದಿನ ವಾರ ಒಂದು ಸೀಸೆ ಮಹಾನಾರಾಯಣ ತೈಲ ತಂದುಕೊಟ್ಟೆ. ಅವರು ತೈಲವನ್ನು ತೆಗೆದುಕೊಂಡು ಚೀಲಕ್ಕಿಟ್ಟರು. ಕಿಟಕಿಯ ಜಾಗವನ್ನೂ ಬೇಡವೆನ್ನಲಿಲ್ಲ.

ಒಂದು ಶನಿವಾರ ನೂಕುನುಗ್ಗಲಿನಲ್ಲಿ ಆ ಪಟ್ಟಿಯ ನಡುವಿದ್ದ ಉಕ್ಕಿನ ಕೊಕ್ಕೆ ನನ್ನ ಅಂಗಿಯ ಕಿಸೆಗೆ ಸಿಕ್ಕಿ, ಕಿಸೆ ಕಿತ್ತುಬಂತು. ಸೊಂಟದ ಪಟ್ಟಿಗೆ ಕೊಕ್ಕೆ ಹಾಕಿಸಿದ ಡಾಕ್ಟರ ಯಾರೆಂದು ಕೇಳಿದೆ. ಅವರು ಕೊಕ್ಕೆಗೆ ಸಿಕ್ಕಿದ್ದ ಬಟ್ಟೆಯ ಚೂರನ್ನು ಬಿಡಿಸಿದರು.

"ಇದು ಸೊಂಟನೋವಿನದ್ದಲ್ಲ ಮಾರಾಯ್ರೆ. ಗಾಳಿಪಟವನ್ನು ಇದಕ್ಕೆ ಸಿಕ್ಕಿಸಿಕೊಳ್ಳುವುದು."

"ಮತ್ತೆ ಆ ತೈಲ?"

"ಹೆಂಡತಿ ಜಯ ಮಂಡಿಗೆ ಹಚ್ಚಿಕೊಳ್ಳುತ್ತಾಳೆ. ಒಳ್ಳೇದುಂಟಂತೆ."

ಹೀಗೆ ನನ್ನ ವೈದ್ಯವೃತ್ತಿ ಮುಗಿದು ಸ್ನೇಹ ಶುರುವಾಯಿತು.

ಮೆಂಡನ್ನರು ಉಡುಪಿಯ ಕಡಲ ಕರೆಯವರು. ನ್ಹಾವಾ ಶೇವಾ ಬಂದರಿಗೆ ಬರುವ ಮಾಲನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವ ಕಚೇರಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಮನೆ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ. ಅಲ್ಲಿ ನಾವೆಲ್ಲ ಮೂಗು ಮುಚ್ಚಿಕೊಂಡು ಓಡಾಡಿದರೆ ಅವರು ಬಾಲ್ಕನಿಯಲ್ಲಿ ನಿಂತು ಮೂಗೆತ್ತಿ ಉಸಿರೆಳೆಯುತ್ತಿದ್ದರು. ಯಾವ ಕಾರ್ಖಾನೆಯ ವಾಸನೆ ಬಂತೆಂಬುದರ ಮೇಲೆ ಗಾಳಿ ಯಾವ ದಿಕ್ಕಿನದೆಂದು ಹೇಳುತ್ತಿದ್ದರು. ಬಣ್ಣದ ಕಾರ್ಖಾನೆಯ ವಾಸನೆಯಾದರೆ ಪಡುಗಾಳಿ. ಕೊಳೆತ ಮೊಟ್ಟೆಯ ವಾಸನೆಯಾದರೆ ಬಡಗು. ಹವಾಮಾನದವರು ತಪ್ಪಿದ್ದುಂಟು, ಮೆಂಡನ್ನರ ಮೂಗು ತಪ್ಪಿದ್ದನ್ನು ನಾನು ಕಾಣೆ.

೨೦೦೫ರಲ್ಲಿ ಬಂದರಿನಲ್ಲಿ ವಾರಸುದಾರರಿಲ್ಲದೆ ಬಿದ್ದಿದ್ದ ಸಾಮಾನುಗಳ ಹರಾಜಿನಲ್ಲಿ ಅವರಿಗೊಂದು ಪೆಟ್ಟಿಗೆ ಸಿಕ್ಕಿತು. ಯಾವನೋ ಪರದೇಶಿಯದು. ತೆರೆದರೆ ಒಂದು ಕೋಣೆಯಷ್ಟು ದೊಡ್ಡ ಗಾಳಿಪಟ, ಇಪ್ಪತ್ತೈದು ಮೀಟರಿನ ನಾಲ್ಕು ಹುರಿ, ಹಿಡಿದುಕೊಳ್ಳುವ ಕೋಲು, ಕಾಲಿಗೆ ಕಟ್ಟುವ ಹಲಗೆ, ಮತ್ತು ನನ್ನ ಕಿಸೆ ಹರಿದ ಆ ಪಟ್ಟಿ. ಗಾಳಿಪಟ ಎಳೆಯುತ್ತದೆ, ಹಲಗೆಯ ಮೇಲೆ ನಿಂತವನು ನೀರಿನ ಮೇಲೆ ಜಾರುತ್ತ ಹೋಗುತ್ತಾನೆ. ಅದಕ್ಕೆ ಕೈಟ್ ಸರ್ಫಿಂಗ್ ಎನ್ನುತ್ತಾರೆಂಬುದು ಅವರಿಗೆ ಗೊತ್ತಾದದ್ದು ಆರು ತಿಂಗಳ ಮೇಲೆ. ಹೆಂಡತಿ ಜಯಲತಾರ ತಮ್ಮ ಕಿಟ್ಟು ಆಗ ಕಲ್ಯಾಣದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ. ಬಾವನೂ ಬಾಮೈದನೂ ಸೇರಿ ಅಲಿಬಾಗದ ಹತ್ತಿರದ ನಾಗಾವ್ ಕಡಲ ತೀರಕ್ಕೆ ಹೋಗಿ ಬಿದ್ದು, ಎದ್ದು, ಉಪ್ಪುನೀರು ಕುಡಿದು ಕಲಿತರು. ಗೋವಾದಲ್ಲಿ ಒಬ್ಬ ರಷ್ಯದವನಿಂದ ಉಳಿದದ್ದನ್ನು ಕಲಿತರು. ಐದು ವರ್ಷದಲ್ಲಿ ಮೆಂಡನ್ನರು ಆ ರಷ್ಯದವನೇ ತನ್ನ ಶಿಷ್ಯರನ್ನು ಒಪ್ಪಿಸಿ ಹೋಗುವಷ್ಟು ಪಳಗಿದ್ದರು. ಡೊಂಬಿವಲಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಬಾವ ಬಾಮೈದ ಮೀನು ತರಲು ಹೋಗುತ್ತಾರೆಂದು ಕಟ್ಟಡದವರು ತಿಳಿದಿದ್ದರು. ಬರುವಾಗ ಮೀನನ್ನೂ ತರುತ್ತಿದ್ದರು.

೨೦೧೧ರ ಮೇ ಕೊನೆಯಲ್ಲಿ, ಮಳೆಗೆ ಮುಂಚಿನ ಗಾಳಿ ಒಮ್ಮೆಲೇ ತಿರುಗಿ, ಕಿಟ್ಟುವನ್ನು ಪಟದ ಸಮೇತ ಎತ್ತಿ ಬಂಡೆಗೆ ಬಡಿದು ಕಡಲಿಗೆ ಒಗೆಯಿತು. ಅವನಿಗೆ ಇಪ್ಪತ್ತೊಂಬತ್ತು.

ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮರುದಿನ ಜಯಲತಾ ಗಂಡನನ್ನು ದೇವರ ಪಟದ ಎದುರು ನಿಲ್ಲಿಸಿ, ಇನ್ನು ನೀರಿಗಿಳಿಯುವುದಿಲ್ಲ ಎಂದು ಆಣೆ ಹಾಕಿಸಿದರು. ತಮ್ಮನನ್ನು ಕೊಟ್ಟಾಯಿತು, ಗಂಡನನ್ನಾದರೂ ಉಳಿಸು ಎಂದು ಊರಿನ ಅಮ್ಮನವರಿಗೆ ಹೇಳಿಕೊಂಡು, ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡಿಪು ಇಟ್ಟರು. ಮುಡಿಪನ್ನು ಊರಿಗೆ ಕೊಂಡುಹೋಗಿ ಗುಡಿಯಲ್ಲಿ ಒಪ್ಪಿಸುವ ತನಕ ಆಣೆ ಆಣೆಯೇ. ಮೆಂಡನ್ನರು ಅದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದರೆಂದರೆ, ಕಟ್ಟಡದ ಗಣಪತಿ ಬಿಡಲು ಹೋದಾಗಲೂ ಕೆರೆಯ ಮೆಟ್ಟಿಲ ಮೇಲೆಯೇ ನಿಂತು ಚಪ್ಪಲಿ ಕಾಯುತ್ತಿದ್ದರು.

ಕಡಲಲ್ಲಿ ಹುಟ್ಟಿದ ಮನುಷ್ಯ ಎಷ್ಟು ದಿನ ಚಪ್ಪಲಿ ಕಾದಾನು? ಮೂರು ವರ್ಷ ಕಾದರು. ಆಮೇಲೆ ಹಿಮದ ವಿಷಯ ತಿಳಿಯಿತು. ನಾರ್ವೆ ದೇಶದಲ್ಲಿ ಚಳಿಗಾಲಕ್ಕೆ ಮರವಿಲ್ಲದ, ಬೇಲಿಯಿಲ್ಲದ ಎತ್ತರದ ಬಯಲಿನ ತುಂಬ ಹಿಮ ಬಿದ್ದಿರುತ್ತದೆ. ಕಾಲಿಗೆ ಹಲಗೆ ಕಟ್ಟಿಕೊಂಡು ಅಲ್ಲಿಯೂ ಇದೇ ಗಾಳಿಪಟ ಹಾರಿಸುತ್ತಾರೆ. ನೀರಿಲ್ಲ. ಆಣೆಗೆ ಭಂಗವಿಲ್ಲ.

ಆ ಪ್ರವಾಸಕ್ಕೆಂದು ಅವರು ಇಟ್ಟಿದ್ದ ನೀಲಿ ಫೈಲನ್ನು ನಾನು ಲೋಕಲ್ಲಿನಲ್ಲಿ ಎಷ್ಟೋ ಸಲ ತೊಡೆಯ ಮೇಲೆ ಹರಡಿಕೊಂಡು ನೋಡಿದ್ದೇನೆ. ಹತ್ತು ವರ್ಷದ ಗಾಳಿಯ ಲೆಕ್ಕ ನೋಡಿ ಫೆಬ್ರವರಿಯ ಕೊನೆಯ ವಾರಗಳನ್ನು ಆರಿಸಿದ್ದರು. ಚಳಿಯ ಗಾಳಿ ಭಾರ, ಆದ್ದರಿಂದ ಕಡಲಿನದಕ್ಕಿಂತ ಸಣ್ಣ ಪಟ ಸಾಕು. ಗಾಳಿ ತುಂಬಿಸುವ ಪಟ ಚಳಿಗೆ ಬಿರಿಯುತ್ತದೆ, ಬಟ್ಟೆಯದೇ ಬೇಕು. ಬಿರುಗಾಳಿ ಎದ್ದರೆ ಹಿಮ ಅಗೆದು ಅಡಗಲು ಗುದ್ದಲಿ. ಕಾಲುಚೀಲ ಎಷ್ಟು ಜೊತೆ, ಒದ್ದೆಯಾದರೆ ಎಲ್ಲಿ ಒಣಗಿಸುವುದು, ಎಲ್ಲವೂ ಇತ್ತು. ವೀಸಾದ ಕಾಗದಗಳನ್ನು, ಬಂದರಿನ ಮಾಲು ಬಿಡಿಸುವವರ ಅಭ್ಯಾಸದಂತೆ, ಮೂರು ಪ್ರತಿ ಮಾಡಿ ಪಿನ್ನು ಹೊಡೆದಿದ್ದರು.

ದಪ್ಪ ಕೈಗವಸು ತೊಟ್ಟುಕೊಂಡು ಆ ಕೊಕ್ಕೆಯನ್ನು ಬಿಡಿಸಿಕೊಳ್ಳಲು ಬಾರದಿದ್ದರೆ ಅಪಾಯವಂತೆ. ಆ ಅಭ್ಯಾಸಕ್ಕೆ ಡೊಂಬಿವಲಿಯಲ್ಲಿ ಚಳಿ ಎಲ್ಲಿದೆ? ಅದಕ್ಕೇ ಶನಿವಾರದ ಪಟ್ಟಿ. ಕಚೇರಿ ಮುಗಿದ ಮೇಲೆ ತುರ್ಭೆಯಲ್ಲಿ ಪರಿಚಯದವರ ಮೀನಿನ ಶೀತಲ ಗೋದಾಮಿಗೆ ಹೋಗಿ, ಸೊನ್ನೆಗಿಂತ ಹದಿನೆಂಟು ಕೆಳಗಿನ ಚಳಿಯಲ್ಲಿ, ಬಂಗುಡೆಯ ಪೆಟ್ಟಿಗೆಗಳ ನಡುವೆ, ಪಟ್ಟಿ ಕಟ್ಟಿಕೊಂಡು ಇಪ್ಪತ್ತು ನಿಮಿಷ ಕೊಕ್ಕೆ ಹಾಕಿ ತೆಗೆದು ಮಾಡುತ್ತಿದ್ದರು. ಅಲ್ಲಿ ಪೆಟ್ಟಿಗೆ ಹೊರುವ ಕಲಬುರಗಿ ಕಡೆಯ ಹಣಮಂತ್ರಾಯ ಮೊದಲ ದಿನ ಇವರನ್ನು ಸುತ್ತುಹಾಕಿ ನೋಡಿ ಹೇಳಿದನಂತೆ: "ಯಣ್ಣಾ, ನಮಗ ಪಗಾರ ಕೊಟ್ಟು ಇದರಾಗ ನಿಂದ್ರಸ್ತಾರ. ನಿನಗೇನ್ ಬಂದದ ರೋಗ?"

ಇದನ್ನು ಹೇಳುವಾಗ ಮೆಂಡನ್ನರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ಹಿಮದಲ್ಲಿ ಅವರಿಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಕಡಲ ತೀರದಲ್ಲಿ ಪಟ ಎಬ್ಬಿಸಲು ಇನ್ನೊಬ್ಬರು ಬೇಕು. ಹುರಿಯ ಆ ತುದಿಯಲ್ಲಿ ಒಬ್ಬರು ಪಟವನ್ನು ಎರಡು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಸವಾರ ಹೆಬ್ಬೆರಳೆತ್ತುತ್ತಾನೆ. ಹಿಡಿದವರು ಗಾಳಿ ನೋಡಿ ಬಿಡುತ್ತಾರೆ. ಹಿಮದಲ್ಲಿ ಅದು ಬೇಡ. ಬಟ್ಟೆಯ ಪಟವನ್ನು ನೆಲಕ್ಕೆ ಹಾಸಿ, ಅಂಚಿನ ಮೇಲೆ ನಾಲ್ಕು ಬೊಗಸೆ ಹಿಮ ಹಾಕಿ, ಈಚೆ ಬಂದು ಹುರಿ ಎಳೆದರೆ ತಾನಾಗಿಯೇ ಏಳುತ್ತದೆ. "ಯಾರೂ ಹಿಡಿಯಬೇಕಾಗಿಲ್ಲ. ಯಾರೂ ಬಿಡಬೇಕಾಗಿಲ್ಲ," ಎಂದು ಅವರು ಎರಡು ಮೂರು ಸಲ ಹೇಳಿದ್ದರು. ಒಳ್ಳೆಯ ಅನುಕೂಲ, ಜೊತೆಗೊಬ್ಬರನ್ನು ಕರೆದೊಯ್ಯುವ ಟಿಕೆಟ್ ಉಳಿಯಿತಲ್ಲ ಎಂದುಕೊಂಡೆ. ನನ್ನ ಬುದ್ಧಿ ಓಡುವುದು ಅಷ್ಟೇ ದೂರ.

ಫೈಲಿನ ಮೊದಲ ಪುಟದಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯಿತ್ತು. ಒಂದೊಂದರ ಮುಂದೆಯೂ ತಾರೀಕು. ಕೊನೆಯ ಸಾಲಿಗೆ ಮಾತ್ರ ತಾರೀಕಿರಲಿಲ್ಲ: "ಜಯಾಳನ್ನು ಕೇಳುವುದು." ಒಂದೂವರೆ ವರ್ಷದಿಂದ ಅದು ಹಾಗೆಯೇ ಇತ್ತು. ಮಗಳು ದಿಶಾಗೆ ಮಾತ್ರ ಗೊತ್ತು. ನಕ್ಷೆಗಳನ್ನು ಪ್ರಿಂಟು ತೆಗೆದುಕೊಟ್ಟವಳು ಅವಳು. ಅಪ್ಪ ಕನ್ನಡದಲ್ಲೋ ತುಳುವಿನಲ್ಲೋ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುವ ಹುಡುಗಿ, ಅಮ್ಮನಿಗೆ ಹೇಳಿದಿರಾ ಎಂದು ಪ್ರತಿ ಸಲವೂ ಕೇಳುತ್ತಿದ್ದಳಂತೆ, "ಪಪ್ಪಾ, ಮಮ್ಮಿ ಕೋ ಬತಾಯಾ ಕ್ಯಾ?" ಅಪ್ಪ ಯಾವ ಭಾಷೆಯಲ್ಲಿಯೂ ಉತ್ತರಿಸುತ್ತಿರಲಿಲ್ಲ.

ಹೆಂಡತಿ ಒಪ್ಪದಿದ್ದರೆ ಅವರು ಹೋಗುವವರಲ್ಲ. ಕೇಳಲು ಬಾಯಿಯಿಲ್ಲ. ಈ ಗಂಟನ್ನು ಬಿಡಿಸಲು ನಾನು ಮುಂದಾದೆ. ನಾನು ಆಗ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿಗೆ ಬಿಡಿಸಲಾಗದ ಗಂಟಿಲ್ಲ ಎಂಬ ನಂಬಿಕೆ ಆ ಹುದ್ದೆಯೊಂದಿಗೇ ಬರುತ್ತದೆ.

ನಮ್ಮ ಮುಂಬಯಿ ಸೀಮೆಯ ಸಂಘಗಳಲ್ಲಿ ಸನ್ಮಾನಕ್ಕೆ ಸಾಧನೆ ಮೊದಲು ಆಗಿರಬೇಕೆಂಬ ನಿಯಮವಿಲ್ಲ. ಶಾಲು ತಂದಾಗಿರುತ್ತದೆ, ಸಭಾಗೃಹ ಗೊತ್ತಾಗಿರುತ್ತದೆ, ಹೊದೆಯುವವರು ಬೇಕು. ೨೦೧೫ರ ಡಿಸೆಂಬರಿನ ವಾರ್ಷಿಕೋತ್ಸವಕ್ಕೆ ಮೆಂಡನ್ ದಂಪತಿಗಳನ್ನು ವೇದಿಕೆಯಲ್ಲಿ ಕೂರಿಸಿ, ಹಿಮದಲ್ಲಿ ಗಾಳಿಪಟ ಹಾರಿಸಲು ಹೊರಟ ಸಾಹಸಿಯೆಂದು ಸನ್ಮಾನಿಸುವುದು ನನ್ನ ಯೋಜನೆ. ಇನ್ನೂರು ಜನರೆದುರು ಜೋಡಿಯಾಗಿ ಹಾರ ಹಾಕಿಸಿಕೊಂಡ ಯಾವ ಹೆಂಗಸೂ ಮನೆಗೆ ಬಂದು ಬೇಡ ಎನ್ನುವುದಿಲ್ಲ ಎಂದು ಅವರಿಗೆ ವಿವರಿಸಿದೆ. ಅವರು ಹೂಂ ಎನ್ನಲಿಲ್ಲ. ಬೇಡವೆನ್ನಲೂ ಇಲ್ಲ. ನನಗೆ ಅಷ್ಟು ಸಾಕಾಯಿತು.

ಆಮಂತ್ರಣ ಪತ್ರಿಕೆ ಹಿಡಿದು ಮನೆಗೆ ಹೋದೆ. ಜಯಲತಾ ಅದನ್ನು ನಿಂತೇ ಓದಿದರು. ಗಂಡ ಬಾಲ್ಕನಿಯಲ್ಲಿ ಬೆನ್ನು ಹಾಕಿ ನಿಂತಿದ್ದರು. ಓದಿ ಮುಗಿಸಿ ಜಯಲತಾ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಕಡಲು ಇಲ್ಲವಾ?"

ಇಲ್ಲವೆಂದೆ. ಬರೀ ಹಿಮ, ಬಿದ್ದರೆ ಹತ್ತಿಯ ಮೇಲೆ ಬಿದ್ದ ಹಾಗೆ ಎಂದು ನನ್ನದನ್ನೂ ಸ್ವಲ್ಪ ಸೇರಿಸಿದೆ. ಅವರು ಪತ್ರಿಕೆಯನ್ನು ದೇವರ ಪಟದ ಬಳಿ, ಮುಡಿಪಿನ ಪಕ್ಕದಲ್ಲಿಟ್ಟು ಕಾಫಿ ಮಾಡಲು ಹೋದರು. ನಾನು ಹೊರಡುವಾಗ, ನೀರಿಲ್ಲದಿದ್ದರೆ ಆಣೆಗೆ ಹೇಗೆಂದು ಅಮ್ಮನವರಲ್ಲಿ ಕೇಳಿ ನೋಡಬೇಕು ಎಂದರು. ಬಾಲ್ಕನಿಯ ಬೆನ್ನು ಸಡಿಲಾಯಿತು. ಕೆಳಗಿನ ತನಕ ನನ್ನನ್ನು ಬಿಡಲು ಬಂದ ಮೆಂಡನ್ನರು ಗಾಳಿಗೆ ಮೂಗೆತ್ತಿ, "ಇವತ್ತು ಪಡುಗಾಳಿ," ಎಂದರು. ಆ ದಿನ ಅವರು ಹೆಚ್ಚುಕಡಿಮೆ ನಾರ್ವೆಯಲ್ಲಿದ್ದರು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸನ್ಮಾನವೆಂದ ಮೇಲೆ ಅಭಿನಂದನಾ ಭಾಷಣವಿರಬೇಕು. ಭಾಷಣ ನನ್ನದು.

ಇಪ್ಪತ್ತೈದು ನಿಮಿಷ ಮಾತಾಡಿದೆ. ಲೋಕಲ್ಲಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಪಟ ತಾನಾಗಿ ಏಳುವುದಿಲ್ಲ ಮಹನೀಯರೇ ಎಂದೆ. ತೀರದಲ್ಲಿ ಒಬ್ಬರು ಹಿಡಿದು ನಿಂತಿರುತ್ತಾರೆ, ಸವಾರ ಹೆಬ್ಬೆರಳೆತ್ತುತ್ತಾನೆ ಎಂದು ನನ್ನ ಹೆಬ್ಬೆರಳನ್ನೂ ಎತ್ತಿ ತೋರಿಸಿದೆ. ಹಿಡಿದವರು ಕೈ ಬಿಡುವ ತನಕ ಯಾವ ಸವಾರನೂ ಎಲ್ಲಿಗೂ ಹೋಗಲಾರ, ಆದ್ದರಿಂದ ಈ ಕ್ರೀಡೆಯಲ್ಲಿ ನಿಜವಾದ ಜವಾಬ್ದಾರಿ ಹಾರುವವನದಲ್ಲ, ಬಿಡುವವನದು ಎಂದು ತತ್ತ್ವವನ್ನೂ ಹೇಳಿದೆ. ಹಿಂದಿನ ಸಾಲುಗಳಲ್ಲಿ ಸಂಚಲನ ಕಂಡು ಮಾತು ನಾಟಿತೆಂದುಕೊಂಡೆ. ಉಪ್ಪಿಟ್ಟು ಬಂದಿತ್ತು.

ಜಯಲತಾ ಇಷ್ಟು ವರ್ಷವೂ, ಒಣಹಾಕಿದ ಬಟ್ಟೆಯನ್ನು ಗಾಳಿ ಹಾರಿಸಿಕೊಂಡು ಹೋಗುವಂತೆ ತನ್ನ ತಮ್ಮನನ್ನೂ ಪಟ ತಾನಾಗಿ ಎತ್ತಿಕೊಂಡು ಹೋಯಿತೆಂದು ತಿಳಿದಿದ್ದರು. ಬಿಡುವುದಕ್ಕೊಬ್ಬರು ಇರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ತೀರದಲ್ಲಿ ಅವತ್ತು ಇದ್ದವರು ಇಬ್ಬರೇ.

ಹೆಗಲ ಮೇಲೆ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡೇ ಅವರು ಗಂಡನ ಕಡೆಗೆ ವಾಲಿ ತುಳುವಿನಲ್ಲಿ ಕೇಳಿದರು, ಯಾರು ಹಿಡಿದದ್ದು ಎಂದು.

"ಪತ್ತಿನಿ ಏರ್?"

ಮೆಂಡನ್ನರು ಎದುರಿನ ಸಭೆಯನ್ನೇ ನೋಡುತ್ತಿದ್ದರು.

"ಯಾನ್," ಎಂದರು. ನಾನು.

ಗಂಡಹೆಂಡಿರು ಏನೋ ಸರಸದ ಮಾತಾಡಿಕೊಂಡರೆಂದು ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದಿನವರೂ ತಟ್ಟೆ ಕೆಳಗಿಟ್ಟು ತಟ್ಟಿದರು. ವಂದನಾರ್ಪಣೆ ಮುಗಿಯುವ ತನಕ ಜಯಲತಾ ಬುಟ್ಟಿಯನ್ನು ಬಿಡಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ಗ್ರೂಪ್ ಫೋಟೋದಲ್ಲಿಯೂ ನಿಂತರು. ಆ ಫೋಟೋ ಸಂಘದ ಕಚೇರಿಯಲ್ಲಿದೆ. ಅದನ್ನು ತೆಗೆಸಿಬಿಡೋಣವೆಂದು ಎರಡು ಸಲ ಹೋಗಿ, ಏನು ಕಾರಣ ಹೇಳುವುದೆಂದು ತಿಳಿಯದೆ ಬಂದಿದ್ದೇನೆ.

ಹತ್ತು ಹನ್ನೆರಡು ದಿನ ಮೆಂಡನ್ನರು ಆ ಗಾಡಿಯಲ್ಲಿ ಕಾಣಲಿಲ್ಲ. ಕಂಡ ದಿನ ನಾಲ್ಕನೆಯ ಸೀಟಿನಲ್ಲಿ ಅರ್ಧ ಕುಂಡೆ ಊರಿ ಕೂತರು. ಕಿಟಕಿಗೆ ಬರಲಿಲ್ಲ. ಮುಂಬ್ರಾ ದಾಟಿದ ಮೇಲೆ ನಾನು ಕೇಳದೆಯೇ ಹೇಳಿದರು.

"ಗಾಳಿ ಸರಿಯಿಲ್ಲ ಅಂತ ನನಗೆ ಗೊತ್ತಾಗಿತ್ತು. ಅವನು ಹೆಬ್ಬೆರಳು ತೋರಿಸಿದ. ನಾನು ಬಿಡಲಿಲ್ಲ. ಇನ್ನೊಂದು ಸಲ ತೋರಿಸಿದ, ಆಗಲೂ ಬಿಡಲಿಲ್ಲ. ಮೂರನೇ ಸಲ ನಕ್ಕ. 'ಏನು ಬಾವ, ಪ್ರಾಯ ಆಯ್ತಾ?' ಅಂದ. ಬಿಟ್ಟೆ."

ಜಯಲತಾ ಕೂಗಾಡಿರಲಿಲ್ಲ. ಹನ್ನೊಂದು ದಿನ ಅಡಿಗೆ ಮಾಡಿ, ಬಡಿಸಿ, ಮಗಳ ಮೂಲಕ ಮಾತಾಡಿದ್ದರು. ಹನ್ನೆರಡನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ದೇವರ ಪಟದ ಬಳಿಯಿಂದ ಮುಡಿಪು ತೆಗೆದು ಗಂಡನ ಕೈಯಲ್ಲಿಟ್ಟಿದ್ದರು.

"ನೀವು ಬದುಕಿರಬೇಕು ಅಂತ ಇದನ್ನು ಕಟ್ಟಿದ್ದು. ಹಿಡಿದವರು ನೀವು ಅಂತ ಗೊತ್ತಿದ್ದರೆ ಕಟ್ಟುತ್ತಿರಲಿಲ್ಲ. ಕೊಂಡುಹೋಗಿ ಒಪ್ಪಿಸಿ. ಆಮೇಲೆ ಹಿಮಕ್ಕಾದರೂ ಹೋಗಿ, ಕಡಲಿಗಾದರೂ ಹೋಗಿ."

ಒಂದೂವರೆ ವರ್ಷ ಕೇಳಲು ಹೆದರಿದ ಅಪ್ಪಣೆ ಹೀಗೆ ಕೇಳದೆಯೇ ಸಿಕ್ಕಿತು. ವೀಸಾ ಬಂದಿತ್ತು. ರಜೆ ಮಂಜೂರಾಗಿತ್ತು. ಫೈಲಿನ ಕೊನೆಯ ಸಾಲಿಗೂ ತಾರೀಕು ಹಾಕಬಹುದಿತ್ತು.

ಮೆಂಡನ್ನರು ಹೋಗಲಿಲ್ಲ. ಆದರೆ ಫೆಬ್ರವರಿ ಬಂದಾಗ, ಮಂಜೂರಾದ ರಜೆಯ ಮೊದಲ ದಿನ, ತುರ್ಭೆಯ ಗೋದಾಮಿಗೆ ಹೋದರು. ಪಟ್ಟಿ ಕಟ್ಟಿಕೊಳ್ಳಲಿಲ್ಲ, ಕೈಗವಸು ಹಾಕಿಕೊಳ್ಳಲಿಲ್ಲ. ಪೆಟ್ಟಿಗೆಗಳ ನಡುವೆ ಸುಮ್ಮನೆ ನಿಂತರು. ಇಪ್ಪತ್ತು ನಿಮಿಷ ಅರ್ಧ ಗಂಟೆಯಾಯಿತು. ಹಣಮಂತ್ರಾಯ ಬಂದು, ಪರದೇಶಕ್ಕೆ ಹೋಗುವುದು ಯಾವಾಗ ಎಂದು ಕೇಳಿದ. ಅವನು ಇವರ ಬೆರಳುಗಳನ್ನು ನೋಡಿ, ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ. "ಮೀನಕ್ಕ ಥಂಡಿ ಬೇಕು ಯಣ್ಣಾ, ಮನಷಾಗಲ್ಲ," ಎಂದು ತನ್ನ ಹೊದಿಕೆಯ ಕೋಟು ಹಾಕಿ ಬಿಸಿಲಲ್ಲಿ ಕೂರಿಸಿ ಚಹಾ ಕುಡಿಸಿದ. ಏನಾಯಿತೆಂದು ಕೇಳಲಿಲ್ಲವಂತೆ. ನಾನಾಗಿದ್ದರೆ ಕೇಳುತ್ತಿದ್ದೆ. ಕೇಳಿ ಸಲಹೆಯನ್ನೂ ಕೊಡುತ್ತಿದ್ದೆ.

ಆಮೇಲೆ ಅವರು ಅಲ್ಲಿಗೆ ಹೋಗಲಿಲ್ಲ. ಪಟಗಳನ್ನೆಲ್ಲ ಗೋವಾದ ಆ ರಷ್ಯದವನಿಗೆ ಕಳಿಸಿಕೊಟ್ಟರು. ಮನೆಯಲ್ಲಿ ಬೇಕಾದಷ್ಟೇ ಮಾತು. ಆದರೆ ಊಟ ಜೊತೆಯಲ್ಲಿಯೇ ಆಗುತ್ತದೆಂದು ದಿಶಾ ಒಮ್ಮೆ ನನಗೆ ಹೇಳಿದಳು, ಹಿಂದಿಯಲ್ಲಿ.

ಮೊನ್ನೆ, ಅಂದರೆ ೨೦೧೮ರ ದೀಪಾವಳಿಯ ಹಿಂದಿನ ವಾರ, ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ತಡವಾಗಿತ್ತು. ಚೀಟಿ ಹುಡುಕಲು ಮೆಂಡನ್ನರು ಚೀಲದ ಒಳಕಿಸೆಗೆ ಕೈ ಹಾಕಿದಾಗ ಹಳದಿ ಬಟ್ಟೆಯ ಪುಟ್ಟ ಗಂಟೊಂದು ಹೊರಗೆ ಬಂತು. ಬಟ್ಟೆಯ ಅಂಚು ಕರ್ರಗಾಗಿತ್ತು. ಈ ಮೂರು ವರ್ಷದಲ್ಲಿ ನಾಲ್ಕು ಸಲ ಊರಿಗೆ ಹೋಗಿ ಬಂದವರು ಅವರು. ಇನ್ನೂ ಒಪ್ಪಿಸಿಲ್ಲವೇ ಎಂದು ಕೇಳಿದೆ.

"ಒಪ್ಪಿಸಿದರೆ ಮುಗಿಯಿತಲ್ಲ. ಇದು ಇರುವ ತನಕ ನಾನು ಬದುಕಿರಬೇಕು ಅಂತ ಅವಳು ಹೇಳಿಕೊಂಡದ್ದು ಇರುತ್ತದೆ."

ಗಂಟನ್ನು ಒಳಗಿಟ್ಟು ಜಿಪ್ಪು ಎಳೆದರು. ಅವರ ಮಾತು ಒಳಗಿಳಿಯುವಷ್ಟು ಹೊತ್ತು ನಾನು ಸುಮ್ಮನಿರಬೇಕಿತ್ತು. ಆದರೆ ಮೂರು ವರ್ಷದಿಂದ ಒಂದು ಪ್ರಶ್ನೆ ನನ್ನ ಗಂಟಲಲ್ಲಿತ್ತು. ಸಭೆಯಲ್ಲಿ ನಾನು ಹೇಳಿದ್ದನ್ನು ಜನ ಏನೆಂದುಕೊಂಡರೋ, ಇದಕ್ಕೆಲ್ಲ ಕಾರಣ ಇವನ ಬಾಯಿಯೇ ಎಂದು ನಾಲ್ಕು ಮಂದಿ ಆಡಿಕೊಂಡರೋ ಎಂಬ ಅಳುಕು. ಕೇಳಿಯೇ ಬಿಟ್ಟೆ.

"ಅಲ್ಲ ಮೆಂಡನ್ರೇ, ಅವತ್ತಿನ ನನ್ನ ಭಾಷಣದ ಬಗ್ಗೆ ನಿಮ್ಮ ಹತ್ತಿರ ಯಾರಾದರೂ ಏನಾದರೂ ಹೇಳಿದರಾ?"

ಅವರು ಗಾಡಿ ಬರುವ ದಿಕ್ಕನ್ನು ನೋಡುತ್ತಲೇ ಹೇಳಿದರು.

"ಇಲ್ಲ ಕಾರ್ಯದರ್ಶಿಗಳೇ. ಅವಳೊಬ್ಬಳನ್ನು ಬಿಟ್ಟರೆ ಅದನ್ನು ಯಾರೂ ಕೇಳಿರಲಿಲ್ಲ."